ಕೋಮಲ ಅರ್ಧಕ್ಕೆ ಬಿಟ್ಟ ಪಾಠ

ಸೋಸಲೆಯ ಮಹದೇವಮ್ಮ ಶಾಲೆಯ ಬಿಸಿಯೂಟದ ಅಡುಗೆಗೆ ಸೇರಿ ಹದಿನಾಲ್ಕು ವರ್ಷ. ಅವಳ ಓದು ನಾಲ್ಕನೇ ಕ್ಲಾಸಿಗೇ ನಿಂತಿತ್ತು. ಗಂಡ ಬೇಗ ತೀರಿಕೊಂಡ ಮೇಲೆ ಅವರಿವರ ಗದ್ದೆಯಲ್ಲಿ ನಾಟಿ ಹಾಕಿ, ಶಾಲೆಯಲ್ಲಿ ಸೌಟು ಹಿಡಿದು, ಒಬ್ಬಳೇ ಮಗಳು ಕೋಮಲಳನ್ನು ನಂಜನಗೂಡಿನ ಕಾಲೇಜಿನಲ್ಲಿ ಬಿಎಸ್ಸಿಗೆ ಸೇರಿಸಿದ್ದಳು. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎನ್ನುತ್ತಾರೆ. ತಾಯಿಗೆ ಮಗಳಿಗಿಂತ ಬಂಧು ಯಾರು ಎಂದು ಗಾದೆ ಕಟ್ಟಿದವರು ಯೋಚಿಸಲೇ ಇಲ್ಲ.

ಹೋದ ಶ್ರಾವಣದ ಒಂದು ಬೆಳಗ್ಗೆ ಮನೆಯಲ್ಲಿ ಸಾರು ಉಕ್ಕಿ ಗ್ಯಾಸ್ ಒಲೆಗೆ ಬಿತ್ತು. ನೀಲಿ ಉರಿ ಹಳದಿಯಾಯಿತು.

“ಸಿಲಿಂಡರ್ ಮುಗೀತಾ ಬಂತು ಕಣೆ,” ಎಂದಳು ಮಹದೇವಮ್ಮ.

ಕೋಮಲ ಜಡೆ ಹೆಣೆದುಕೊಳ್ಳುತ್ತಲೇ ನಕ್ಕಳು. “ಸಿಲಿಂಡರ್ ಅಲ್ಲ ಕಣವ್ವ, ಉಪ್ಪು. ಉಪ್ಪಲ್ಲಿ ಸೋಡಿಯಂ ಅಂತ ಐತೆ. ಅದ್ರ ಒಂದೊಂದು ಪರಮಾಣುವಿನೊಳಗೂ ಎಲೆಕ್ಟ್ರಾನ್ ಅಂತ ಸುತ್ತುತಾ ಇರ್ತವೆ. ನಮ್ಮೂರ ಒಳೆ ನೀರಿಗಿಳ್ಯೋ ಮೆಟ್ಲಂಗೆ ಅವುಕ್ಕೂ ಜಾಗ ಗೊತ್ತು ಮಾಡೈತೆ. ಈ ಮೆಟ್ಲಲ್ಲಿರ್ಬೋದು, ಇಲ್ಲ ಮೇಲಿನದ್ರಲ್ಲಿರ್ಬೋದು, ನಡುವೆ ನಿಲ್ಲಂಗಿಲ್ಲ. ಬಿಸಿ ತಾಕುದ್ರೆ ಮೇಲಿನ ಮೆಟ್ಲಿಗೆ ಓಯ್ತವೆ.”

“ಓಗಿ ಏನ್ಮಾಡ್ತವೆ?”

“ಬಸ್ಸು ಬಂತು. ಸಂಜೆ ಯೋಳ್ತೀನಿ.”

ಸಂಜೆ ಬಂದವಳ ಮೈ ಕೆಂಡವಾಗಿತ್ತು. ಡೆಂಗಿ ಎಂದರು. ಐದನೇ ದಿನ ಮೈಸೂರಿನ ಆಸ್ಪತ್ರೆಯಲ್ಲಿ ಹೋಗಿಬಿಟ್ಟಳು. ಎಳನೀರು, ಪ್ಲೇಟ್‌ಲೆಟ್, ರಕ್ತ ಎಂಬ ಓಡಾಟದ ನಡುವೆ ಎಲೆಕ್ಟ್ರಾನ್ ಯಾರಿಗೆ ನೆನಪಿರುತ್ತದೆ?

ಆಮೇಲೆ ನೆನಪಾಯಿತು. ಶಾಲೆಯ ದೊಡ್ಡ ಒಲೆಯ ಮೇಲೆ ಸಾಂಬಾರು ಉಕ್ಕಿದಾಗಲೆಲ್ಲ ಮಗಳ ಮಾತು ಆ ಮೇಲಿನ ಮೆಟ್ಟಿಲವರೆಗೆ ಬಂದು ನಿಲ್ಲುತ್ತಿತ್ತು. ಬಟ್ಟೆ, ಬ್ಯಾಗು, ಫೋಟೊ ಎಲ್ಲವೂ ಮನೆಯಲ್ಲಿದ್ದವು. ಅವಳು ಹೇಳಬೇಕಿದ್ದ ಆ ಒಂದು ಮಾತು ಮಾತ್ರ ಇರಲಿಲ್ಲ, ಮಹದೇವಮ್ಮನಿಗೆ ಅದೇ ಬೇಕಿತ್ತು. ಪುಸ್ತಕ ತೆರೆದರೆ ಇಂಗ್ಲಿಷು. ವಿಜ್ಞಾನದ ಮೇಷ್ಟ್ರು ಶಿವಮೂರ್ತಿಯವರನ್ನು ಕೇಳೋಣವೆಂದರೆ ನಾಚಿಕೆ. ಸೌಟು ಹಿಡಿಯುವವಳಿಗೆ ಎಲೆಕ್ಟ್ರಾನ್ ಯಾಕೆ ಎಂದು ನಗುವ ದೊಡ್ಡ ಮನುಷ್ಯರಿಗೆ ನಮ್ಮಲ್ಲಿ ಬರವಿಲ್ಲ. ಏಳು ತಿಂಗಳು ಬಾಯಿ ಬಿಡದೆ ಇದ್ದಳು.

ಕೊನೆಗೊಂದು ಮಧ್ಯಾಹ್ನ, ಮೇಷ್ಟ್ರು ಊಟ ಮುಗಿಸಿ ಕೈ ತೊಳೆಯುತ್ತಿದ್ದಾಗ ಕೇಳಿಯೇಬಿಟ್ಟಳು. “ಸಾ, ಮೇಲಿನ ಮೆಟ್ಲಿಗೆ ಓದ ಎಲೆಕ್ಟ್ರಾನ್ ಆಮೇಕೆ ಏನಾಯ್ತದೆ? ನಮ್ ಕೋಮಲ ಅಷ್ಟುಕ್ಕೇ ಬಿಟ್ಟೋದ್ಲು.”

ಶಿವಮೂರ್ತಿ ನಗಲಿಲ್ಲ. ಕೈ ಒರೆಸಿಕೊಂಡು ಜಗಲಿಯ ಮೇಲೆ ಕೂತರು. “ಅಲ್ಲಿ ಬಾಳ ಹೊತ್ತು ಇರಕ್ಕಾಗಲ್ಲ ಮಹದೇವಮ್ಮ. ಕ್ಷಣದಲ್ಲೇ ಇಳಿದು ಬರ್ತದೆ. ಇಳಿಯುವಾಗ, ತಗೊಂಡಿದ್ದ ಶಕ್ತೀನ ಬೆಳಕು ಮಾಡಿ ಬಿಟ್ಕೊಡ್ತದೆ. ಆ ಹಳದಿ ಅದೇ.”

“ಇಳ್ದು ಎಲ್ಗೆ ಬತ್ತದೆ?”

“ತನ್ನ ಜಾಗಕ್ಕೇ.”

“ಓದವೆಲ್ಲಾ ಬತ್ತವಾ ಸಾ?”

“ಬರ್ತವೆ.”

ಮಗಳು ಸಂಜೆ ಹೇಳುತ್ತೇನೆಂದದ್ದು ಇಷ್ಟೇ. ಮಣ್ಣು ಮಾಡಿದ ದಿನವೂ ಅಳದೆ ಕಲ್ಲಿನಂತೆ ಕೂತಿದ್ದ ಮಹದೇವಮ್ಮ, ಅಡುಗೆಮನೆಯ ಬಾಗಿಲಲ್ಲಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

“ಇದುನ್ನ ನಾನು ಕೇಳಬಾರ್ದಾಗಿತ್ತು ಸಾ. ಅವ್ಳು ಯೋಳೋದು ಇನ್ನೂ ಒಂದ್ ಮಾತು ಬಾಕಿ ಐತೆ ಅಂತಿದ್ದೆ, ಈಗ ಅದೂ ಮುಗ್ದೋಯ್ತು,” ಎಂದಳು.