ಮೋಸಗಾರನ ಪಕ್ಕದ ಫೋಟೊ

ಬೆಹಾಲಾದ ನಮ್ಮ ಓಣಿಯಲ್ಲಿ ಕಳೆದ ಚಳಿಗಾಲ ವೆಬ್ ಸೀರೀಸ್ ಒಂದರ ಶೂಟಿಂಗ್ ನಡೆಯಿತು. ನಮ್ಮ ಉಳಿತಾಯವನ್ನೆಲ್ಲ ನುಂಗಿ ಜೈಲಿಗೆ ಹೋದ ಚಿಟ್ ಫಂಡ್ ಮಾಲೀಕನದೇ ಕಥೆ. ಹಿಂದೆ ಆತ ಇಲ್ಲಿನ ದುರ್ಗಾಪೂಜೆಯ ಖರ್ಚು ಹೊತ್ತಿದ್ದ. ದೇವಿಗೆ ಪೆಂಡಾಲ್ ಹಾಕಿಸಿದವನು ಮೋಸ ಮಾಡುತ್ತಾನೆಯೇ ಎಂದು ನನ್ನ ಬಾಯಿ ಮುಚ್ಚಿಸಿ, ನನ್ನ ಗಂಡ ರೈಲ್ವೆಯಿಂದ ನಿವೃತ್ತರಾದಾಗ ಬಂದ ಹಣವನ್ನು ಅವನಿಗೆ ಒಪ್ಪಿಸಿದ್ದರು.

ಶೂಟಿಂಗಿಗೂ ಅಂಥದೇ ಪೆಂಡಾಲ್ ಎದ್ದಿತು. ಓಣಿಯವರನ್ನೆಲ್ಲ ಚಪ್ಪಾಳೆ ಹೊಡೆಯುವ ಗುಂಪಾಗಿ ನಿಲ್ಲಿಸಿ, ಮಾಲೀಕನ ಪಾತ್ರದ ಚೆಲುವ ನಟ ಕಾರಿನಿಂದ ಇಳಿಯುವುದನ್ನೇ ಆರು ಸಲ ತೆಗೆದರು. ಹಣ ಕಳೆದುಕೊಂಡವರನ್ನು ತೋರಿಸುವುದಿಲ್ಲವೇ ಎಂದು ಅಲ್ಲಿದ್ದ ನಿರ್ದೇಶಕರ ಸಹಾಯಕಿಯನ್ನು ಕೇಳಿದೆ.

"ಅದು ಒಂದೇ ಶಾಟ್, ಮಾಸಿಮಾ. ಮುಗಿದಿದೆ. ನೀವು ಚಪ್ಪಾಳೆ ಹೊಡೆದರೆ ಸಾಕು," ಎಂದು ಈ ಚಿಕ್ಕಮ್ಮನಿಗೆ ಹೇಳಿದಳು.

ನಾನು ಹೊಡೆಯಲಿಲ್ಲ. ನನ್ನ ಗಂಡ ಹೊಡೆದರು. ಊಟದ ಬಿಡುವಿನಲ್ಲಿ ಫೋನನ್ನು ನನ್ನ ಕೈಗಿಟ್ಟು ನಟನ ಪಕ್ಕ ಹೋಗಿ ನಿಂತರು.

"ಒಂದು ಫೋಟೊ ತೆಗಿಯೇ."

"ಯಾರ ಪಕ್ಕ ನಿಂತಿದ್ದೀರಿ ಗೊತ್ತೇನ್ರೀ?"

"ಇವನೇನು ಮಾಡಿದಾನೆ ಪಾಪ, ಆ್ಯಕ್ಟರ್ ಕಣೇ."

ನಟ ಅವರ ಹೆಗಲ ಮೇಲೆ ಕೈ ಹಾಕಿದ. ನಾನು ಫೋಟೊ ತೆಗೆದೆ. ಆ ಹಿಂದಿನ ಪೂಜೆಯಲ್ಲಿ ನಿಜವಾದ ಮಾಲೀಕ ಹಾಗೆಯೇ ಕೈ ಹಾಕಿ ಫೋಟೊಗೆ ನಿಂತಾಗಲೂ ಇವರು ಹೀಗೇ ಹಲ್ಲು ಬಿಟ್ಟು ನಕ್ಕಿದ್ದರು. ಅವನು ಜೈಲಿಗೆ ಹೋದ ಮೇಲೆ, ಆ ಫೋಟೊವನ್ನು ಹರಿದು ಎಸೆದೆ ಎಂದು ನನಗೆ ಆಣೆ ಇಟ್ಟು ಹೇಳಿದ್ದರು.

ಮೊನ್ನೆ ಬೀರು ಒರೆಸುವಾಗ ಅವರ ಅಂಗಿಗಳ ಕೆಳಗೊಂದು ಕವರ್ ಸಿಕ್ಕಿತು. ಹೊಸದನ್ನೂ ಪ್ರಿಂಟ್ ಹಾಕಿಸಿದ್ದರು; ಎರಡೂ ಫೋಟೊ ಅದರಲ್ಲಿದ್ದವು.