ತೆಕ್ಲಾ ಜಾಮೀನು ಹಾಕಲಿಲ್ಲ

ಮನ್ರೆಸಾ ಊರಿನ ಶಾಲೆಯೊಂದರ ಅಡುಗೆಮನೆಯಲ್ಲಿ ನೂರೆಂಬತ್ತು ಮಕ್ಕಳಿಗೆ ಬೇಯಿಸಿ ಹಾಕುವ ತೆಕ್ಲಾಳಿಗೆ ನಲವತ್ತಾರು ತುಂಬುವಷ್ಟರಲ್ಲಿ ಐದು ಬಾಡಿಗೆ ಮನೆಗಳಾಗಿದ್ದವು. ಪ್ರತಿ ಮನೆಗೂ ಹೋದ ಮೊದಲ ವಾರವೆಲ್ಲ ನಲ್ಲಿಗಳಿಗೆ ಕಟ್ಟಿದ ಸುಣ್ಣ ಉಜ್ಜುವುದು, ಬಚ್ಚಲ ಗೋಡೆಯ ಬೂಷ್ಟು ಕೆರೆದು ಬಣ್ಣ ಬಳಿಯುವುದು ಇದೇ ಆಗುತ್ತಿತ್ತು. ಮನೆ ನೋಡುವಂತಾದ ಮೇಲೆ ಮಾಲೀಕ ಬಂದು, ಚೆನ್ನಾಗಿಟ್ಟುಕೊಂಡಿದ್ದೀರಿ ಎಂದು ಹೊಗಳಿ, ಬಾಡಿಗೆ ಏರಿಸಿ ಹೋಗುತ್ತಿದ್ದ. ಐದನೆಯ ಸಲ ಹೀಗಾದ ದಿನ ಅವಳು ಗಂಡನಿಗೆ ಹೇಳಿದಳು:

"ಇನ್ನು ಮೇಲೆ ಬೇರೆಯವರ ಗೋಡೆಗೆ ನಾನು ಬಣ್ಣ ಹೊಡೆಯಲ್ಲ ಫೆರ್ಮಿ. ಮನೆ ತಗೊಳ್ಳೋಣ."

ಫೆರ್ಮಿ ಬ್ರೆಡ್ಡಿನ ವ್ಯಾನು ಓಡಿಸುತ್ತಿದ್ದ. ಒಳ್ಳೆಯವನೇ. ತಿಂದ ತಟ್ಟೆಯನ್ನು ಸಿಂಕಿನವರೆಗೆ ಒಯ್ಯುತ್ತಿದ್ದ. ಅಲ್ಲಿಂದ ಮುಂದೆ ತಟ್ಟೆಗೆ ಏನಾಗುತ್ತದೆ ಎಂದು ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ವಿಚಾರಿಸಿರಲಿಲ್ಲ.

ಮನೆ ಹುಡುಕಿದ್ದು ತೆಕ್ಲಾ. ಕೇಶಾಲಂಕಾರದ ಅಂಗಡಿ ಇಟ್ಟಿದ್ದ ಫ್ರಾನ್ಸಿನಾಳ ಫ್ಲ್ಯಾಟು ಅದು: ಮೂರನೆಯ ಮಹಡಿ, ಲಿಫ್ಟ್ ಇಲ್ಲ, ಆದರೆ ಅಡುಗೆಮನೆಗೆ ಕಿಟಕಿ ಇತ್ತು. ಹದಿಮೂರು ಸಾವಿರ ಯೂರೊ ಮುಂಗಡ ಕೊಟ್ಟರು. ಅದರಲ್ಲಿ ಏಳು ಸಾವಿರ, ತೆಕ್ಲಾ ಹನ್ನೊಂದು ವರ್ಷದ ಶನಿವಾರಗಳಲ್ಲಿ ಮಂದಿಯ ಅಂಗಿಗಳಿಗೆ ಇಸ್ತ್ರಿ ಹಾಕಿ ಕೂಡಿಟ್ಟದ್ದು. ತಿಂಗಳ ಮೂವತ್ತರೊಳಗೆ ಸಾಲ ಮಂಜೂರಾಗಿ ನೋಟರಿಯ ಮುಂದೆ ಸಹಿ ಬೀಳಬೇಕು, ಇಲ್ಲವಾದರೆ ಮುಂಗಡ ಫ್ರಾನ್ಸಿನಾಳ ಪಾಲು.

ಸಂಬಳದ ಚೀಟಿ, ತೆರಿಗೆಯ ಕಾಗದ, ಪುರಸಭೆಯ ವಾಸದ ಪತ್ರ ಎಲ್ಲವನ್ನೂ ಸಾಲಾಗಿ ಕಡತಕ್ಕೆ ಸೇರಿಸಿದವಳು ತೆಕ್ಲಾ. ಬ್ಯಾಂಕಿನವರು ಕರೆಯುತ್ತಿದ್ದುದು ಬೆಳಗ್ಗೆ ಹನ್ನೊಂದಕ್ಕೆ, ಅವಳು ಬೇಳೆಯ ಹಂಡೆ ಕಲಕುವ ಹೊತ್ತಿಗೆ. ಹಾಗಾಗಿ ಕಡತ ಹಿಡಿದು ಹೋಗುತ್ತಿದ್ದವನು ಫೆರ್ಮಿ.

"ಮ್ಯಾನೇಜರು ನಂಗೆ ಕಾಫಿ ಕೊಡಿಸಿದ ಕಣೇ. ಕಾಗದ ಇಷ್ಟು ನೀಟಾಗಿ ಯಾರೂ ತರಲ್ಲವಂತೆ."

"ಜೋಡಿಸಿದವಳಿಗೆ ಏನು ಕಳಿಸಿದ?"

ಫೆರ್ಮಿ ನಕ್ಕು, ಬ್ಯಾಂಕು ಕೊಟ್ಟ ಅರವತ್ತು ಪುಟದ ಕರಾರಿನ ಕಟ್ಟನ್ನು ಫ್ರಿಜ್ಜಿನ ಮೇಲಿಟ್ಟ. ತೆಕ್ಲಾ ಎರಡು ಭಾನುವಾರ ಕೂತು ಬಡ್ಡಿಯ ಪುಟ, ಕಂತಿನ ಪುಟ, ವಿಮೆಯ ಪುಟ ಎಲ್ಲ ಓದಿದಳು. ಮೊದಲ ಪುಟವನ್ನು ಮಾತ್ರ ಮಗುಚಿ ಬಿಟ್ಟಳು. ಅಲ್ಲಿ ಇರುವುದು ಹೆಸರುಗಳಷ್ಟೆ, ತಮ್ಮಿಬ್ಬರದಲ್ಲದೆ ಇನ್ನಾರದು ಎಂದುಕೊಂಡಳು.

ಸಹಿಗೆ ಮೂರು ದಿನ ಮೊದಲು ಇಬ್ಬರೂ ನೋಟರಿಯ ಕಚೇರಿಗೆ ಹೋದರು. ಸಾಲದ ಕರಾರು ತಿಳಿದಿದೆಯೇ ಎಂದು ಅಲ್ಲಿ ಬಾಯಿಪರೀಕ್ಷೆ ಕೊಡಬೇಕು, ಬ್ಯಾಂಕಿನವರು ಆ ಕೋಣೆಯೊಳಗೆ ಕಾಲಿಡುವಂತಿಲ್ಲ. ನೋಟರಿ ಕನ್ನಡಕ ಕೊರಳಿಗೆ ನೇತುಹಾಕಿಕೊಂಡಿದ್ದ ಹೆಂಗಸು. ಮೊದಲು ಫೆರ್ಮಿಯನ್ನು ಕೇಳಿದಳು:

"ಕಂತು ಕಟ್ಟದಿದ್ರೆ ಏನಾಗುತ್ತೆ ಸೆನ್ಯೋರ್?"

"ಬ್ಯಾಂಕಿನೋರು ಫೋನ್ ಮಾಡ್ತಾರೆ."

"ಆಮೇಲೆ?"

"ಇನ್ನೊಂದ್ಸಲ ಮಾಡ್ತಾರೆ."

"ಮನೆ ಹರಾಜಾಗುತ್ತೆ," ಎಂದಳು ತೆಕ್ಲಾ. "ಅದೂ ಸಾಲದಿದ್ರೆ ಸಂಬಳಕ್ಕೆ ಕೈ ಹಾಕ್ತಾರೆ. ಇಬ್ಬರದ್ದಕ್ಕೂ."

ನೋಟರಿ ಅವಳತ್ತ ತಿರುಗಿದಳು. "ಸರಿ. ಜಾಮೀನುದಾರರಾಗಿ ನಿಮಗೆ ಅದು ಗೊತ್ತಿರಲೇಬೇಕು."

"ಜಾಮೀನುದಾರಳಾ? ಸಾಲ ನಮ್ಮಿಬ್ಬರದಲ್ವಾ?"

"ಸಾಲ ನಿಮ್ಮ ಯಜಮಾನರದು. ನೀವು ಅದಕ್ಕೆ ಜಾಮೀನು."

"ಮನೆ?"

"ಮನೆಯೂ ಅವರದೇ. ಮೊದಲನೇ ಪುಟದಲ್ಲೇ ಇದೆ. ನಮ್ಮ ನಾಡಿನಲ್ಲಿ ಗಂಡ ಕೊಂಡದ್ದು ಗಂಡನದು, ಹೆಂಡತಿ ಕೊಂಡದ್ದು ಹೆಂಡತಿಯದು. ನಿಮಗೆ ಪಾಲು ಬೇಕು ಅಂದ್ರೆ ಪತ್ರದಲ್ಲಿ ನಿಮ್ಮ ಹೆಸರು ಇರಬೇಕು."

ತೆಕ್ಲಾ ಗಂಡನನ್ನು ನೋಡಿದಳು. ಅವನು ಟೇಬಲ್ಲಿನ ಅಂಚು ಸವರುತ್ತಿದ್ದ.

"ಒಬ್ಬರ ಹೆಸರಿಗಾದ್ರೆ ಬೇಗ ಆಗುತ್ತೆ ಅಂದ ಬ್ಯಾಂಕಿನ ಹುಡುಗ. ಬರೀ ಕಾಗದ ಕಣೇ. ನೀನು ಬೇರೆ, ನಾನು ಬೇರೆನಾ?"

"ಬರೀ ಕಾಗದ ಆದ್ರೆ ಜಾಮೀನಿನಿಂದ್ಲೂ ನನ್ನ ಹೆಸರು ತೆಗೆಸು."

"ಅದು ಆಗಲ್ಲ. ನಿನ್ನ ಸಂಬಳ ಇಲ್ದೆ ಅವರು ಸಾಲ ಕೊಡಲ್ಲ."

ಮಾತು ಬಾಯಿಂದ ಬಿದ್ದ ಮೇಲೆ ಅದೇನೆಂದು ಅವನಿಗೇ ಕೇಳಿಸಿತು. ನೋಟರಿ ಕನ್ನಡಕ ಒರೆಸತೊಡಗಿದಳು. ತೆಕ್ಲಾ ಪೆನ್ನನ್ನು ಟೇಬಲ್ಲಿನ ಮೇಲೆ ಮಲಗಿಸಿದಳು.

"ನಾನು ಸಹಿ ಹಾಕಲ್ಲಮ್ಮ."

ಮೆಟ್ಟಿಲಿಳಿಯುವಾಗ ಫೆರ್ಮಿ, ಹದಿಮೂರು ಸಾವಿರ ಹೋಗುತ್ತದೆ, ತಲೆ ಕೆಟ್ಟಿದೆಯಾ ಎಂದು ಹಿಂದಿನಿಂದಲೇ ಬಂದ. ತೆಕ್ಲಾ ತಿರುಗಲಿಲ್ಲ. ಮರುದಿನ ಹಂಡೆಯನ್ನು ಜೊತೆಯವಳಿಗೆ ಒಪ್ಪಿಸಿ, ಹತ್ತೊಂಬತ್ತು ವರ್ಷದ ನೌಕರಿಯಲ್ಲಿ ಮೊದಲ ಬಾರಿಗೆ ಸ್ವಂತ ಕೆಲಸಕ್ಕೆ ರಜೆ ಹಾಕಿ ಬ್ಯಾಂಕಿಗೆ ಹೋದಳು. ಹೆಸರು ಸೇರಿಸಲು ಅಡ್ಡಿಯೇನೂ ಇಲ್ಲ ಎಂದ ಮ್ಯಾನೇಜರು. ಆದರೆ ಹೊಸ ಕರಾರು ಬರೆಯಬೇಕು, ಕೊಟ್ಟ ಮೇಲೆ ಓದಿಕೊಳ್ಳಲು ಹದಿನಾಲ್ಕು ದಿನ ಬಿಡಲೇಬೇಕೆಂದು ನಿಯಮ. ಅಷ್ಟರಲ್ಲಿ ಮೂವತ್ತನೆಯ ತಾರೀಕು ದಾಟಿರುತ್ತದೆ.

"ಈಗ ಹೀಗೇ ಮುಗಿಸಿಬಿಡಿ, ಮುಂದೆ ಯಾವಾಗಾದ್ರೂ ಸೇರಿಸಿಕೊಳ್ಳಬಹುದು," ಎಂದ ಅವನು.

"ಮುಂದೆ ಯಾವಾಗಾದ್ರೂ ಅನ್ನೋದನ್ನ ನಾನು ತುಂಬ ಕೇಳಿದ್ದೀನಿ. ಹೊಸದು ಬರೀರಿ."

ಅಲ್ಲಿಂದ ನೇರ ಫ್ರಾನ್ಸಿನಾಳ ಅಂಗಡಿಗೆ. ಅವಳು ಗಿರಾಕಿಯ ತಲೆಗೆ ಬಣ್ಣ ಹಚ್ಚುತ್ತಲೇ ಎಲ್ಲ ಕೇಳಿಸಿಕೊಂಡಳು.

"ನಾನು ಗಡುವು ಕೊಡದಿದ್ರೆ ಹದಿಮೂರು ಸಾವಿರ ನಂಗೆ ಪುಕ್ಕಟೆ. ಗೊತ್ತು ತಾನೇ?"

"ಗೊತ್ತು. ಹೋದ್ರೆ ಮತ್ತೆ ಇಸ್ತ್ರಿ ಹಾಕ್ತೀನಿ. ಜಾಮೀನಂತೂ ಹಾಕಲ್ಲ."

ಕುರ್ಚಿಯಲ್ಲಿದ್ದ ಗಿರಾಕಿ ಬಣ್ಣದ ತಲೆ ಎತ್ತಿ ಕನ್ನಡಿಯಲ್ಲೇ ತೆಕ್ಲಾಳನ್ನು ನೋಡಿದಳು. ಫ್ರಾನ್ಸಿನಾ ಕೈಗವಸು ಕಳಚಿದಳು.

"ಆ ಮನೆ ನನ್ನ ಹೆಸರಿಗೆ ಆಗೋಕೆ ನಂಗೆ ಒಂದು ವಿಚ್ಛೇದನ ಬೇಕಾಯ್ತು. ನೀನು ಅಗ್ಗದಲ್ಲಿ ಮುಗಿಸ್ತಿದ್ದೀಯ. ಇಪ್ಪತ್ತೈದು ದಿನ ಕೊಡ್ತೀನಿ. ಕಟ್ಟಡದ ಈ ತಿಂಗಳ ನಿರ್ವಹಣೆ ಖರ್ಚು ಮಾತ್ರ ನಿಂದು."

"ಆಯ್ತು. ಬರೆದು ಕೊಡಿ."

ಫ್ರಾನ್ಸಿನಾ ಬರೆದುಕೊಟ್ಟಳು. ತೆಕ್ಲಾ ನಿಂತಲ್ಲೇ ಎರಡು ಸಲ ಓದಿ, ಮಡಚಿ ಚೀಲಕ್ಕೆ ಹಾಕಿಕೊಂಡಳು.

ಮನೆಗೆ ಬಂದು ಗಂಡನ ಮುಂದೆ ಖಾಲಿ ಕಡತ ಇಟ್ಟಳು. "ಎಲ್ಲ ಕಾಗದ ಹೊಸದಾಗಿ ಬೇಕಂತೆ. ಈ ಸಲ ನೀನು ಜೋಡಿಸು."

ಫೆರ್ಮಿ ಎರಡು ದಿನ ಮುಖ ಊದಿಸಿಕೊಂಡೇ ವ್ಯಾನು ಓಡಿಸಿದ. ಮೂರನೆಯ ದಿನ ಪುರಸಭೆಯಿಂದ ಫೋನು ಮಾಡಿದ. ಯಾವ ಕಿಟಕಿಗೆ ಹೋಗಬೇಕು ಎಂದು. ಐದು ನಿಮಿಷ ಬಿಟ್ಟು ಮತ್ತೆ ಮಾಡಿದ, ಯಾವ ಅರ್ಜಿ ಎಂದು.

"ಬಾಯಿದೆಯಲ್ಲ, ಅಲ್ಲೇ ಕೇಳು. ನನ್ನ ಬೇಳೆ ತಳ ಹತ್ತುತ್ತೆ."

ಸಂಜೆ ಅವನು ಬೆವರಿ ಬಂದ. "ಒಂದು ಪತ್ರಕ್ಕೆ ಮೂರು ಸಲ ಸಾಲಲ್ಲಿ ನಿಲ್ಲಿಸಿದ್ರು. ಮೊದಲು ನೀನು ಇದನ್ನೆಲ್ಲ ಯಾವಾಗ ಮಾಡಿದ್ದೆ?"

"ನೀನು ಕಾಫಿ ಕುಡೀತಿದ್ದಾಗ."

ಫ್ರಾನ್ಸಿನಾ ಕೊಟ್ಟ ಗಡುವಿನ ಇಪ್ಪತ್ತೆರಡನೆಯ ದಿನ ನೋಟರಿಯ ದೊಡ್ಡ ಮೇಜಿನ ಸುತ್ತ ಎಲ್ಲರೂ ಕೂತರು. ಮನೆಯಲ್ಲಿ ಅರ್ಧ ಫೆರ್ಮಿಯದು, ಅರ್ಧ ತೆಕ್ಲಾಳದು, ಸಾಲ ಇಬ್ಬರದು ಎಂದು ನೋಟರಿ ಗಟ್ಟಿಯಾಗಿ ಓದಿದಳು. ಫೆರ್ಮಿ ಸಹಿ ಮಾಡಿದ. ತೆಕ್ಲಾ ಪತ್ರವನ್ನು ತನ್ನತ್ತ ಎಳೆದುಕೊಂಡು ಮೊದಲ ಪುಟದಿಂದ ಬೆರಳಿಟ್ಟು ಓದತೊಡಗಿದಳು. ಮ್ಯಾನೇಜರು ಗಡಿಯಾರ ನೋಡಿ, ಕೆಮ್ಮಿ ಎದ್ದು ನಿಂತ.

"ಕೂತ್ಕೊಳ್ಳಿ," ಎಂದಳು ತೆಕ್ಲಾ ಬೆರಳು ಎತ್ತದೆ. "ಇನ್ನೂ ಹನ್ನೆರಡು ಪುಟ ಇದೆ."