ಗಡಿಯಾರದ ನೆಗೆಣ್ಣಿ

ಹಸಿರು ಬಳೆಗಳ ನಡುವೆ ತನ್ನ ಗಂಡನ ದಪ್ಪ ಕೈಗಡಿಯಾರ. ನನ್ನ ನೆಗೆಣ್ಣಿಯ ತೆಳ್ಳನೆಯ ಕೈಯಲ್ಲಿ ಅದು ನಿಲ್ಲುತ್ತಲೇ ಇರಲಿಲ್ಲ. ರೊಟ್ಟಿ ಬಡಿಯುವಾಗ ಅಂಗೈಗೆ ಇಳಿಯುತ್ತಿತ್ತು, ತುರುಬು ಕಟ್ಟುವಾಗ ಮೊಳಕೈಗೆ ಜಾರುತ್ತಿತ್ತು. ಆಕೆ ನನ್ನ ಮೈದುನನ ಹೆಂಡತಿಯಲ್ಲ, ಭಾವನ ಹೆಂಡತಿ, ಮನೆಯ ಹಿರಿಸೊಸೆ. ಆದ್ದರಿಂದ ಆ ಗಡಿಯಾರ ನನ್ನನ್ನೂ ಆಳುತ್ತಿತ್ತು.

ಎಂಬತ್ತರ ದಶಕ. ಸಿಂಧನೂರಿನ ಒಂದೇ ಮನೆಯಲ್ಲಿ ಆಕೆ ಮಗಳನ್ನೂ ನಾನು ಮಗನನ್ನೂ ಒಂದೇ ವರ್ಷ ಹಡೆದೆವು. ಆಕೆ ಲಿಂಗಸುಗೂರಿನವಳು, ಮೆಟ್ರಿಕ್ ಓದಿದವಳು. ಮೂರು ತಾಸಿಗೊಮ್ಮೆ ಮಾತ್ರ ಹಾಲು ಕುಡಿಸಬೇಕೆಂದು ಡಾಕ್ಟರಮ್ಮ ಹೇಳಿದ್ದು ಆಕೆಗೆ ವೇದವಾಗಿತ್ತು. ಕಾಡಿಗೆ ಹಚ್ಚಬಾರದು, ಕಿವಿಗೆ ಎಣ್ಣೆ ಬಿಡಬಾರದು, ತೊಟ್ಟಿಲು ತೂಗಿ ರೂಢಿ ಮಾಡಿಸಬಾರದು. ನಾನು ಮಸ್ಕಿಯವಳು. ನಮ್ಮಲ್ಲಿ ಕೂಸು ಅತ್ತರೆ ಎದೆಗೆ ಹಚ್ಚಿಕೊಳ್ಳುವುದೊಂದೇ ಶಾಸ್ತ್ರ.

“ಅತ್ತಾಗೊಮ್ಮೆ ಕುಡಿಸಿದ್ರ ಕೂಸು ಹಟಮಾರಿ ಆಗ್ತೈತಿ ತಂಗಿ. ಇನ್ನ ಅರ್ಧಾ ತಾಸು ಐತಿ, ಅಳಾಕ ಬಿಡು,” ಎನ್ನುತ್ತಿದ್ದಳು ಆಕೆ.

“ಹಸಿವಿಗಿ ಗಡಿಯಾರ ತಿಳಿತೈತೇನ್ ಬೇ?” ಎಂದು ಒಳಗಿನಿಂದ ಅತ್ತೆ ಗೊಣಗುತ್ತಿದ್ದಳು.

ನಾನು ಅಡಕತ್ತರಿಯ ನಡುವಿನ ಅಡಕೆ. ಕೂಸು ಸೊರಗಿದರೆ ನನ್ನ ತಪ್ಪು, ಸೀನಿದರೆ ನನ್ನ ತಪ್ಪು, ನಿದ್ದೆಯಲ್ಲಿ ಬೆಚ್ಚಿದರೂ ನನ್ನದೇ. ಬಾಗಿಲಿಗೆ ಬಂದವರೆಲ್ಲ ಬುದ್ಧಿ ಹೇಳುವವರೇ. ನೀ ಉಂಡಿಯೇನು ಎಂದು ಕೇಳಿದವರು ಒಬ್ಬರೂ ಇಲ್ಲ. ಒಂದು ದಿನ ತಡೆಯಲಾರದೆ ಅಂದೇಬಿಟ್ಟೆ: “ಅಕ್ಕಾ, ನಿಮ್ಮ ಗಡಿಯಾರಕ್ಕ ಒಂದು ಕೂಸು ಹಡದು ಅದನ್ನ ಸಾಕ್ರಿ. ನನ್ನ ಮಗನ್ನ ಬಿಟ್ಟುಬಿಡ್ರಿ.”

ಆಕೆ ಸಿಟ್ಟಾಗಲಿಲ್ಲ. ಕೂಸಿನ ಬಟ್ಟೆ ಮಡಚುತ್ತಲೇ ಹೇಳಿದಳು: “ನನ್ನ ಮೊದಲಿನ ಕೂಸು ತವರಾಗ ಹೋತು. ‘ತಾಯಿಗಿ ಸಾಕಾಕ ಬರಲಿಲ್ಲ’ ಅಂದ್ರು ಮಂದಿ. ಈ ಸಲ ಡಾಕ್ಟರಮ್ಮ ಹೇಳಿದ್ದು ಒಂದೂ ತಪ್ಪಬಾರದು ಅಂತ ಮಾಡೀನಿ.”

ನಾನೂ ಪಕ್ಕದಲ್ಲಿ ಕುಳಿತು ಬಟ್ಟೆ ಮಡಚತೊಡಗಿದೆ. ಆದರೆ ಮರುದಿನ ಬೆಳಿಗ್ಗೆ ಮತ್ತೆ ಬಂದು ನನ್ನ ಮಗನ ಕಣ್ಣಿನ ಕಾಡಿಗೆ ಒರೆಸಿದಾಗ ಆಕೆಯ ಮೇಲೆ ಹುಟ್ಟಿದ್ದ ಕರುಣೆಯೆಲ್ಲ ಹಾರಿಹೋಯಿತು.

ಮಗನಿಗೆ ನಾಲ್ಕು ತಿಂಗಳಿರುವಾಗ ನನಗೆ ವಿಷಮಜ್ವರ ಬಂತು. ಎದೆಹಾಲು ಕೊಡಬೇಡ ಎಂದರು ಡಾಕ್ಟರು. ಗಂಡ ಡಬ್ಬಿಯ ಹಾಲಿನಪುಡಿ ತಂದ, ಅತ್ತೆ ಆಡಿನ ಹಾಲು ಕಾಸಿದಳು, ಓಣಿಯವರು ಆಕಳ ಹಾಲಿಗೆ ನೀರು ಬೆರೆಸಿರಿ ಎಂದರು. ಮಗ ಯಾವುದನ್ನೂ ಮುಟ್ಟಲಿಲ್ಲ. ಬೆಳಗಿನಿಂದ ಅತ್ತು ಅತ್ತು ಮಧ್ಯಾಹ್ನದ ಹೊತ್ತಿಗೆ ಅವನ ಧ್ವನಿಯೇ ಉಡುಗಿತು. ಸುತ್ತ ನಿಂತವರು ಇನ್ನೂ ಯಾವ ಹಾಲು ಒಳ್ಳೆಯದೆಂದು ವಾದಿಸುತ್ತಿದ್ದರು. ಏಳಲೂ ಆಗದೆ ಮಲಗಿದಲ್ಲೇ, ಈ ಕೂಸು ಉಳಿಯುವುದಿಲ್ಲ ಎಂದುಕೊಂಡೆ.

ನೆಗೆಣ್ಣಿ ಬಂದಳು, ಅತ್ತೆಯ ಕೈಯಿಂದ ಅವನನ್ನು ಕಿತ್ತುಕೊಂಡಳು, ಗೋಡೆಗೆ ಒರಗಿ ಕುಳಿತು ಸೆರಗಿನೊಳಗೆ ಎಳೆದುಕೊಂಡಳು. ಅವನು ಗಟಗಟ ಕುಡಿಯುವ ಸದ್ದು ನನಗೆ ಕೇಳಿಸಿತು. ಪಕ್ಕದಲ್ಲಿ ಅವಳ ಮಗಳು ಅಳತೊಡಗಿದಳು.

“ನೀ ಸುಮ್ಮನಿರು, ನಿನ್ನ ಹೊತ್ತಾಗಿಲ್ಲ,” ಎಂದಳು. ಮಗಳು ಇನ್ನೂ ಜೋರಾಗಿ ಅತ್ತಳು. “ಇರಲಿ, ನೀನೂ ಬಾರವಾ,” ಎಂದು ಆಕೆ ಇನ್ನೊಂದು ಕೈಯಿಂದ ಅವಳನ್ನೂ ಎತ್ತಿಕೊಂಡಳು.

ಅತ್ತೆ ಬಿಸಿ ರೊಟ್ಟಿ, ಸಬ್ಬಸಗಿ ಪಲ್ಯ ತಂದು ಅವಳ ಮುಂದಿಟ್ಟಳು. ನಾನು ಏಳುವವರೆಗೂ ನನ್ನ ಮಗ ಬೆಳೆದದ್ದು ಆಕೆಯ ಹಾಲಿನಲ್ಲೇ.

ಇಷ್ಟಾದ ಮೇಲೆ ಬದಲಾದಳು ಎಂದುಕೊಂಡರೆ ತಪ್ಪು. ನಾನು ಎದ್ದದ್ದೇ ತಡ, ನೀರು ಕುದಿಸಿದೆಯಾ, ಸೂಜಿ ಹಾಕಿಸಿದೆಯಾ ಎಂದು ಮತ್ತೆ ಶುರು. ಮುಂದೆ ಊರಿಗೆ ಇಂಗ್ಲಿಷ್ ಶಾಲೆ ಬಂದಾಗ, “ನಿನ್ನ ಮಗ ಇನ್ನ ಎಬಿಸಿಡಿ ಅನ್ನವಲ್ಲ, ಏನ್ ಮಾಡಾಕತ್ತೀ ನೀ?” ಎಂದು ಜೀವ ತಿಂದಳು. ವರ್ಷಗಟ್ಟಲೆ ಹಲ್ಲು ಕಚ್ಚಿ ಸಹಿಸಿದೆ. ಆಕೆಗೆ ಮತ್ತೆ ಮಕ್ಕಳಾಗಲಿಲ್ಲ.

ತೊಂಬತ್ತರ ದಶಕ ಮುಗಿಯುವ ಮುನ್ನ ಕಾಯಿಲೆ ಆಕೆಯನ್ನು ಒಯ್ದಿತು. ಹೆಣದ ಬಲಕ್ಕೆ ಮಗಳು, ಎಡಕ್ಕೆ ನನ್ನ ಮಗ ಕುಳಿತಿದ್ದರು. ಅವನನ್ನು ಎಬ್ಬಿಸಲು ಯಾರಿಗೂ ಆಗಲಿಲ್ಲ. ಮುಕ್ಕುಂದದಿಂದ ಬಂದ ಮುದುಕಿಯೊಬ್ಬಳು ನನ್ನ ಕಡೆ ಬಾಗಿ ಕೇಳಿದಳು:

“ಈಕಿಗೆ ಎಷ್ಟು ಮಕ್ಕಳು ಬೇ?”

“ಇಬ್ಬರು,” ಎಂದೆ.